ಡೊಂಬಿವ್ಲಿಯ ಡಾಕ್ಟರ್‌ಬಾಯಿ ಕೇಳಿದ್ದು

ಮಾತು ಕೇಳುವಾಗ ಡಾಕ್ಟರ್‌ಬಾಯಿ ಮುಖ ತಿರುಗಿಸಿ ಎಡಗಿವಿಯನ್ನು ನಮ್ಮ ಮುಂದೆ ಹಿಡಿಯುತ್ತಿದ್ದರು. ಬಲಗಿವಿ ಅವರಿಗೆ ಚಿಕ್ಕಂದಿನಿಂದಲೇ ಮಂದ. ಎಡಗಿವಿಯಲ್ಲಿ ಕೆಂಪು ಹರಳಿನ ದೊಡ್ಡ ಬೆಂಡೋಲೆ. ಅದರ ಭಾರಕ್ಕೆ ಕಿವಿಯ ತೂತು ಜಗ್ಗಿ ಉದ್ದನೆಯ ಗೀರಾಗಿತ್ತು. ಎದುರು ಕೂತವರಿಗೆ ಅವರ ಮುಖಕ್ಕಿಂತ ಹೆಚ್ಚಾಗಿ ಆ ಕಿವಿಯೇ ಕಾಣುತ್ತಿತ್ತು. ಮೊದಲ ಸಲ ಹೋದಾಗ, ಇವರು ನನ್ನನ್ನು ನೋಡುತ್ತಲೇ ಇಲ್ಲವಲ್ಲ ಎಂದು ನನಗೆ ಇರುಸುಮುರುಸಾಯಿತು. ಎದುರಿನವರು ಮುಖ ನೋಡದಿದ್ದರೆ ಎಷ್ಟೋ ಮಾತು ಸಲೀಸಾಗಿ ಹೊರಗೆ ಬರುತ್ತದೆ ಎನ್ನುವುದು ನನಗೆ ತಿಳಿದದ್ದು ಆಮೇಲೆ.

ನಾನು ಗದಗಿನವಳು, ಮದುವೆಯಾಗಿ ಮುಂಬೈ ಹತ್ತಿರದ ಕಲ್ಯಾಣಕ್ಕೆ ಬಂದವಳು. ಗಂಡನಿಗೆ ಶಹಾಡದ ಹತ್ತಿರ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ನಾನು ವಾಶಿಯ ಸಗಟು ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಳಕು ಹರಿಯುವ ಹೊತ್ತಿಗೆ ಕಲ್ಯಾಣದಲ್ಲಿ ಲೋಕಲ್ ಹಿಡಿಯಬೇಕು, ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಬದಲಿಸಬೇಕು. ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗಿರಲಿಲ್ಲ. ಊರಿನಿಂದ ಫೋನ್ ಬಂದಾಗಲೆಲ್ಲ ಕೊನೆಗೆ ಅದೇ ಪ್ರಶ್ನೆ. ಜೊತೆಯಲ್ಲೇ ಇದ್ದ ನಮ್ಮ ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಯಾರ ಮನೆಯ ಸೀಮಂತಕ್ಕೆ ಹೋಗಿ ಬಂದರೂ ಆ ದಿನ ಅವರು ಬೇಗ ಮಲಗಿಬಿಡುತ್ತಿದ್ದರು.

ಅರಿಶಿನ ಕುಂಕುಮಕ್ಕೆ ಹೋದಲ್ಲಿ ಯಾರೋ ಅತ್ತೆಗೆ ಹೇಳಿದ್ದರು: ಡೊಂಬಿವ್ಲಿಯಲ್ಲಿ ಉಡುಪಿ ಕಡೆಯ ಒಬ್ಬ ಹೋಮಿಯೋಪಥಿ ಡಾಕ್ಟರ್‌ಬಾಯಿ ಇದ್ದಾರೆ, ಅವರ ಗುಳಿಗೆಯಿಂದ ಎಷ್ಟೋ ಜನರ ಮಡಿಲು ತುಂಬಿದೆ ಎಂದು. ನನಗೆ ನಂಬಿಕೆ ಇರಲಿಲ್ಲ. ಆದರೂ ಹೋದೆ. ಕೆಲಸದಿಂದ ಬರುವ ದಾರಿಯಲ್ಲೇ ಡೊಂಬಿವ್ಲಿ ಸಿಗುತ್ತಿತ್ತು, ಗಂಡನೂ ಅಲ್ಲಿಗೇ ಬಂದ.

ಸ್ಟೇಷನ್ನಿನ ಪೂರ್ವಕ್ಕೆ, ಹಳೆಯ ಕಟ್ಟಡದ ಮೊದಲ ಮಾಳಿಗೆಯಲ್ಲಿ ಕ್ಲಿನಿಕ್ಕು. ಕೆಳಗೆ ಇಸ್ತ್ರಿ ಅಂಗಡಿ; ಬಿಸಿ ಬಟ್ಟೆಯ ವಾಸನೆ ಮೆಟ್ಟಿಲ ತುದಿಯವರೆಗೂ ಬರುತ್ತಿತ್ತು. ಗಂಡ ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲು ತೆಗೆದ. ನಾನು ಒಳಗೆ ಹೋಗಿ ಕೂತೆ. ಡಾಕ್ಟರ್‌ಬಾಯಿ ಬಾಗಿಲ ಕಡೆ ನೋಡಿದರು.

"ಅವರು ಯಾರು ಹೊರಗೆ?"

"ನಮ್ಮ ಮನಿಯವರ್ರಿ."

"ಮತ್ತೆ ಅವರು ಹೊರಗೆ ಎಂತ ಮಾಡುವುದು? ಮಗು ನಿಮ್ಮೊಬ್ಬರಿಗೇ ಬೇಕಾ? ಕರೆಯಿರಿ ಒಳಗೆ."

ಆಮೇಲೆ ಶುರುವಾದ ಪ್ರಶ್ನೆಗಳಿಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗುಡುಗಿಗೆ ಹೆದರುತ್ತೀಯಾ? ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ? ಹಸಿವಾದರೆ ಸಿಟ್ಟು ಬರುತ್ತದೋ, ಅಳು ಬರುತ್ತದೋ? ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಯಾವ ಪದಾರ್ಥ ಬಿಡುತ್ತಿದ್ದೆ? ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಗಂಡನಿಗೆ ಕೇಳಿದರು: ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತೀರಿ? ಬೆವರು ಬಂದಾಗ ಎಂತ ಕುಡಿಯುತ್ತೀರಿ? ಗುಟ್ಕಾ ಉಂಟಾ? ಅವನು "ಕಭೀ ಕಭೀ" ಎಂದು ಹಿಂದಿಯಲ್ಲಿ ತಪ್ಪಿಸಿಕೊಳ್ಳಲು ನೋಡಿದ. "ಕಭೀ ಕಭೀ ಅಂದರೆ ಇವತ್ತು ಬೆಳಿಗ್ಗೆಯೂ ಅಲ್ವಾ?" ಎಂದು ನಕ್ಕರು. ಆ ನಗೆಯಲ್ಲಿ ಬೈಗುಳ ಇರಲಿಲ್ಲ. ಮನುಷ್ಯರು ಎಂತೆಂಥವರಿರುತ್ತಾರೆ ನೋಡೋಣ ಎನ್ನುವಂಥ ನಗೆ ಅದು.

ಎಲ್ಲ ಮುಗಿದ ಮೇಲೆ ಸಾಬೂದಾಣಿಯ ಹಾಗಿನ ಬಿಳಿ ಗುಳಿಗೆಯ ಸಣ್ಣ ಬಾಟಲಿ ಕೊಟ್ಟರು. ಅದರ ಜೊತೆಗೇ ನಮ್ಮಿಬ್ಬರನ್ನೂ ರಕ್ತಪರೀಕ್ಷೆಗೆ ಕಳಿಸಿದರು. ಒಬ್ಬ ಸ್ತ್ರೀರೋಗ ತಜ್ಞೆಯನ್ನೂ ಕಾಣಲೇಬೇಕು ಎಂದರು. ನನಗೆ ಆಶ್ಚರ್ಯವಾಯಿತು. ಗುಳಿಗೆ ಕೊಟ್ಟವರೇ ಬೇರೆ ಡಾಕ್ಟರ ಹತ್ತಿರ ಹೋಗು ಎನ್ನುತ್ತಾರಲ್ಲ!

ಪರೀಕ್ಷೆಯಲ್ಲಿ ನನಗೆ ಥೈರಾಯ್ಡ್ ತೊಂದರೆ ಇರುವುದು ಗೊತ್ತಾಯಿತು, ರಕ್ತವೂ ಕಡಿಮೆ. ತಜ್ಞೆ ಔಷಧಿ ಶುರು ಮಾಡಿದರು. ಡಾಕ್ಟರ್‌ಬಾಯಿ ಊಟದ ಕಡೆಗೆ ತಿರುಗಿದರು. ನುಗ್ಗೆಸೊಪ್ಪು, ಕಾಳು, ಎಳ್ಳು, ಬೆಲ್ಲ, ರೊಟ್ಟಿಯ ಜೊತೆಗೆ ಹಸಿ ತರಕಾರಿ ಎಂದರು. ನಾನು ಎಲ್ಲದಕ್ಕೂ ಹೂಂ ಎಂದೆ. ಮುಂದಿನ ಸಲ ಹೋದಾಗ "ಮಧ್ಯಾಹ್ನ ಡಬ್ಬಿ ತಿಂದೆಯಾ?" ಎಂದು ಕೇಳಿದರು. "ತಿಂತೀನ್ರಿ" ಎಂದೆ. "ನೀರು?" "ಕುಡೀತೀನ್ರಿ." ಕಿವಿ ನನ್ನ ಕಡೆಗೇ ಇತ್ತು.

ಅವರ ಕ್ಲಿನಿಕ್ಕಿಗೆ ರಜೆ ಇದ್ದ ಒಂದು ಗುರುವಾರ, ಅಂಗಡಿಯಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದೆ. ಎದುರಿಗೆ ಯಾರೋ ಮರಾಠಿಯಲ್ಲಿ ಹಮಾಲನೊಬ್ಬನನ್ನು, "ಈ ಸುವರ್ಣಗಡ್ಡೆ ಎಲ್ಲಿಯದು? ಬಾಯಿ ತುರಿಸುತ್ತದಾ?" ಎಂದು ವಿಚಾರಿಸುತ್ತಿದ್ದರು. ತಲೆ ಎತ್ತಿದರೆ ಡಾಕ್ಟರ್‌ಬಾಯಿ! ಹತ್ತಿಯ ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಕೈಯಲ್ಲಿ ಚೀಲದ ತುಂಬ ಹಸಿ ಅರಿಶಿನದ ಬೇರು.

"ನೀವಿಲ್ಲಿ ಹೆಂಗ್ರಿ?"

"ಇಷ್ಟು ದೊಡ್ಡ ಮಾರ್ಕೆಟ್ ಉಂಟು, ನೋಡದೆ ಇದ್ದರೆ ಹೇಗೆ? ನೀನು ಕೂತುಕೊಳ್ಳುವ ಜಾಗವನ್ನೂ ನೋಡಿದ ಹಾಗಾಯಿತು."

ಅವರು ಒಂದು ಖಾಲಿ ಕ್ರೇಟಿನ ಮೇಲೆ ಕೂತರು, ಹೋಗುವ ಲಕ್ಷಣ ಕಾಣಲಿಲ್ಲ. ಲಾರಿಗಳು ಬಂದವು, ಹೋದವು. ಊಟದ ಹೊತ್ತು ದಾಟಿತು. ನನ್ನ ಡಬ್ಬಿ ಚೀಲದಲ್ಲೇ ಇತ್ತು, ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಕೊನೆಗೆ ಅವರೇ ಕೇಳಿದರು.

"ಹಸಿವಿಲ್ವಾ?"

"ಐತ್ರಿ. ಮನಿಗೆ ಹೋಗೋ ಮುಂದ ಸ್ಟೇಷನ್ನಿನಾಗ ಒಂದು ವಡಾಪಾವ್ ತಿಂತೀನ್ರಿ."

"ಇಲ್ಲಿ ಯಾಕೆ ತಿನ್ನುವುದಿಲ್ಲ? ಸುಮ್ಮನೆ ಕೇಳುತ್ತೇನೆ, ಬೈಯುವುದಿಲ್ಲ."

ನಾನು ಸುತ್ತ ನೋಡಿದೆ. ಎಲ್ಲ ಗಂಡಸರೇ. ದನಿ ತಗ್ಗಿಸಿ ಹೇಳಿದೆ. ಈ ಸಾಲಿನಲ್ಲಿ ಕೆಲಸ ಮಾಡುವ ಹೆಂಗಸು ನಾನೊಬ್ಬಳೇ. ಹೆಂಗಸರ ಶೌಚಾಲಯ ಇರುವುದು ಲಾರಿ ನಿಲ್ಲುವ ಕಡೆ. ಅದರ ಚಿಲಕ ಮುರಿದಿದೆ, ಒಳಗೆ ಕಾಲಿಡುವ ಹಾಗಿಲ್ಲ. ಊಟ ಮಾಡಿದರೆ ನೀರು ಬೇಕು, ನೀರು ಕುಡಿದರೆ ಅಲ್ಲಿಗೆ ಹೋಗಬೇಕು. ಅದಕ್ಕೇ ಎರಡನ್ನೂ ಬಿಟ್ಟಿದ್ದೇನೆ.

ಡಾಕ್ಟರ್‌ಬಾಯಿ ಲಾರಿ ನಿಲ್ಲುವ ಕಡೆ ಒಮ್ಮೆ ನೋಡಿದರು. ಆಮೇಲೆ, "ನೋಡು ಮಾರಾಯ್ತಿ, ನಾನು ನಿನ್ನ ಹೊಟ್ಟೆಯನ್ನೇ ವಿಚಾರಿಸುತ್ತಾ ಕೂತೆ. ತೊಂದರೆ ಬಾಗಿಲಿನಲ್ಲಿ ಉಂಟು" ಎಂದರು.

ಎದ್ದು ನೇರವಾಗಿ ನಮ್ಮ ಅಂಗಡಿಯ ಶೇಠರ ಮುಂದೆ ನಿಂತರು. ಕೆಲಸ ಹೋಯಿತು ಎಂದುಕೊಂಡೆ. ಅವರು ದಬಾಯಿಸಲಿಲ್ಲ, ಹಿಂದಿಯಲ್ಲಿ ಮೆತ್ತಗೆ ಕೇಳಿದರು: "ಶೇಠ್‌ಜೀ, ನಿಮ್ಮ ಮನೆಯ ಹೆಣ್ಣುಮಕ್ಕಳು ಇಲ್ಲಿಗೆ ಬಂದರೆ ಬಾತ್‌ರೂಮಿಗೆ ಎಲ್ಲಿ ಹೋಗುತ್ತಾರೆ?" ಶೇಠರು ಮೇಲೆ ಬೆರಳು ತೋರಿಸಿದರು. ಮಾಳಿಗೆಯ ಮೇಲೆ ಅವರ ಖಾಸಗಿ ಕೋಣೆ ಇತ್ತು. "ಅದರ ಚಾವಿ ಇವಳಿಗೂ ಒಂದು ಸಿಗಬಹುದೇ? ನಾನು ಇವಳ ಡಾಕ್ಟರು. ಔಷಧಿ ಅಂದುಕೊಂಡು ಕೊಡಿ." ಶೇಠರ ಮುಖ ಕೆಂಪಾಯಿತು. ಅವರೇನು ಕೆಟ್ಟವರಲ್ಲ, ಅದು ಅವರ ತಲೆಗೆ ಹೊಳೆದೇ ಇರಲಿಲ್ಲ. ಡ್ರಾಯರಿನಿಂದ ಚಾವಿ ತೆಗೆದು ಮೇಜಿನ ಮೇಲಿಟ್ಟು, "ಪಹಲೇ ಬೋಲನಾ ಥಾ ನಾ, ಬೇಟಾ" ಎಂದರು, ಮೊದಲೇ ಹೇಳಬೇಕಿತ್ತಲ್ಲ ಎಂದು.

ಆ ದಿನ ನಾವಿಬ್ಬರೂ ಮೇಲಿನ ಕೋಣೆಯಲ್ಲಿ ಕೂತು ನನ್ನ ಡಬ್ಬಿ ಹಂಚಿಕೊಂಡು ತಿಂದೆವು. ಜೋಳದ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು, "ಇದನ್ನು ಹೇಗೆ ಮಾಡುವುದು? ಹುರಿದು ಕುಟ್ಟುವುದಾ, ಕುಟ್ಟಿ ಹುರಿಯುವುದಾ?" ಎಂದು ಕೇಳುತ್ತಲೇ ಇದ್ದರು. ನಾನು ಮಧ್ಯೆ ಬಾಯಿ ಹಾಕಿದೆ. ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಅದು.

"ಡಾಕ್ಟರ್‌ಬಾಯಿ, ಖರೇ ಹೇಳ್ರಿ. ನಿಮ್ಮ ಗುಳಿಗಿ ಕೆಲಸಾ ಮಾಡ್ತಾವೇನ್ರಿ?"

ಬೇರೆ ಯಾರಾದರೂ ಸಿಟ್ಟಾಗುತ್ತಿದ್ದರು. ಅವರು ರೊಟ್ಟಿ ಕೈಯಲ್ಲಿ ಹಿಡಿದೇ ಯೋಚಿಸಿದರು. "ಗುಣವಾದವರನ್ನು ಕಂಡಿದ್ದೇನೆ. ಗುಳಿಗೆಯಿಂದ ಆದದ್ದಾ, ಯಾರೋ ಕೂತು ಇಷ್ಟುದ್ದ ಕೇಳಿದ್ದರಿಂದ ಆದದ್ದಾ, ಅದು ನನಗೂ ಸರಿಯಾಗಿ ಗೊತ್ತಿಲ್ಲ. ಓದುವಾಗ ಗೊತ್ತು ಅಂದುಕೊಂಡಿದ್ದೆ. ಈಗ ಅಷ್ಟು ಧೈರ್ಯ ಇಲ್ಲ. ಆದರೆ ಮಧ್ಯಾಹ್ನ ಊಟ ಬಿಟ್ಟರೆ ಎಂತ ಆಗುತ್ತದೆ ಅಂತ ಚೆನ್ನಾಗಿ ಗೊತ್ತುಂಟು. ತಿನ್ನು."

ಒಬ್ಬ ಡಾಕ್ಟರರ ಬಾಯಿಂದ 'ಗೊತ್ತಿಲ್ಲ' ಎನ್ನುವ ಮಾತು ಕೇಳಿದ್ದು ಅದೇ ಮೊದಲು. ವಿಚಿತ್ರವೆಂದರೆ ಆ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಮರು ವರ್ಷ ನಾನು ಬಸುರಾದೆ. ಅತ್ತೆ ಪೇಢೆ ತೆಗೆದುಕೊಂಡು ಡೊಂಬಿವ್ಲಿಗೆ ಹೋದರು. "ನಿಮ್ಮ ಗುಳಿಗಿ ದೊಡ್ಡದು ಬಿಡ್ರಿ" ಎಂದು ಕೈ ಮುಗಿದರು. ಡಾಕ್ಟರ್‌ಬಾಯಿ ಪೇಢೆ ಬಾಯಿಗೆ ಹಾಕಿಕೊಂಡು, "ಥೈರಾಯ್ಡಿನ ಔಷಧಿ ಇರಬಹುದು, ಶೇಠರ ಚಾವಿ ಇರಬಹುದು, ನಿಮ್ಮ ಮಗ ಗುಟ್ಕಾ ಬಿಟ್ಟದ್ದಿರಬಹುದು. ನನ್ನ ಗುಳಿಗೆಯನ್ನು ಕೊನೆಯಲ್ಲಿ ಸೇರಿಸಿಕೊಳ್ಳಿ" ಎಂದರಂತೆ. ಅತ್ತೆಗೆ ಇದು ಸರಿಬರಲಿಲ್ಲ. "ಈಕಿ ಎಂಥಾ ಡಾಕ್ಟರ್ ಅದಾಳ, ತನ್ನ ಔಷಧಾನ ತಾನ ತಗದ ಹಾಕ್ತಾಳ" ಎಂದು ಮನೆಗೆ ಬಂದು ಗೊಣಗಿದರು.

ಆದರೆ ಅವರಿಬ್ಬರಿಗೂ ಗಾಢ ಸ್ನೇಹವಾಯಿತು. ಅತ್ತೆ ಬಸುರಿಯ ಪಥ್ಯದ ಬಗ್ಗೆ ಏನೇ ಹೇಳಿದರೂ ಡಾಕ್ಟರ್‌ಬಾಯಿ ನಗುತ್ತಿರಲಿಲ್ಲ. "ಯಾಕೆ ಹಾಗೆ ಹೇಳುತ್ತಾರೆ ನಿಮ್ಮ ಕಡೆ?" ಎಂದು ಕೇಳುತ್ತಿದ್ದರು. ಕೆಲವಕ್ಕೆ ಅತ್ತೆಯ ಹತ್ತಿರ ಕಾರಣ ಇರುತ್ತಿತ್ತು. ಕೆಲವಕ್ಕೆ ಯೋಚಿಸಿ, "ಯಾಕೋ ಏನೋ, ನಮ್ಮತ್ತಿ ಹೇಳ್ತಿದ್ರು" ಎಂದು ತಾವೇ ಕೈಬಿಡುತ್ತಿದ್ದರು. ಹಾಗೆ ಬಾಣಂತಿಗೆ ನೀರು ಕೊಡಬಾರದು ಎನ್ನುವ ಮಾತು ಬಿದ್ದುಹೋಯಿತು. ಬಾಣಂತಿ ತಿನ್ನುವ ಅಂಟಿನುಂಡಿ ಉಳಿಯಿತು. ಅದನ್ನು ಕಲಿಯಲೆಂದೇ ಡಾಕ್ಟರ್‌ಬಾಯಿ ಒಂದು ರವಿವಾರ ನಮ್ಮ ಮನೆಗೆ ಬಂದರು. ತುಪ್ಪದಲ್ಲಿ ಅಂಟು ಅರಳುವುದನ್ನು ಒಲೆಯ ಮೇಲೆ ಬಗ್ಗಿ ನೋಡುತ್ತ, "ಅರೆ, ಅರಳಿನ ಹಾಗೆ ಉಬ್ಬುತ್ತದೆ!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದರು. ಉತ್ತತ್ತಿ ಕುಟ್ಟುತ್ತಿದ್ದ ಅತ್ತೆಗೆ ಹೆಮ್ಮೆ ತಡೆಯಲಾಗಲಿಲ್ಲ.

ಏಳನೆಯ ತಿಂಗಳ ಹೊತ್ತಿಗೆ ನನ್ನ ಮುಖ ಊದಿ, ತಲೆ ಸಿಡಿಯತೊಡಗಿತು. ಗುಳಿಗೆ ಕೇಳೋಣವೆಂದು ಫೋನ್ ಮಾಡಿದೆ. "ಕಣ್ಣು ಮಂಜಾಗುತ್ತದಾ?" ಎಂದರು. ಹೌದು ಎಂದೆ. ಅವರ ದನಿ ಒಮ್ಮೆಲೇ ಬದಲಾಯಿತು. "ನನ್ನ ಗುಳಿಗೆ ಮುಟ್ಟಬೇಡ. ಇದು ನನ್ನ ಕೆಲಸ ಅಲ್ಲ. ಈಗಲೇ ರಿಕ್ಷಾ ಹತ್ತು, ನಿನ್ನ ಆಸ್ಪತ್ರೆಗೆ ಹೋಗು. ನಾನೂ ಬರುತ್ತೇನೆ." ರಕ್ತದೊತ್ತಡ ಏರಿತ್ತು. ಕೆಲವು ದಿನ ಅಲ್ಲೇ ಇಟ್ಟುಕೊಂಡರು. ನಾನು ಅಲ್ಲಿಗೆ ತಲುಪುವ ಹೊತ್ತಿಗೇ ಡಾಕ್ಟರ್‌ಬಾಯಿ ಬಾಗಿಲಲ್ಲಿ ನಿಂತಿದ್ದರು.

ಹೆಣ್ಣು ಕೂಸು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ಆದರೆ ಗಟ್ಟಿಮುಟ್ಟು. ಮನೆ ತುಂಬ ಜನ. ಬಂದವರೆಲ್ಲ ತೊಟ್ಟಿಲಿನಲ್ಲಿ ಇಣುಕಿ, ಮೂಗು ಯಾರದ್ದು, ಹಣೆ ಯಾರದ್ದು ಎಂದು ಹೇಳಿ, ಕೂಸಿನ ಕೈಯಲ್ಲಿ ಏನಾದರೂ ಇಟ್ಟು ಹೋಗುತ್ತಿದ್ದರು. ಬಯಸಿ ಬಯಸಿ ಪಡೆದ ಕೂಸು. ನನಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಯಾರದೋ ಮನೆಯ ಮಗುವಿಗೆ ಹಾಲೂಡಿಸಿದ ಹಾಗೆ ಊಡಿಸುತ್ತಿದ್ದೆ. ಕೂಸು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಅಂಟಿನುಂಡಿ ಬಾಯಲ್ಲಿ ಮಣ್ಣಿನ ಹಾಗೆ ಉಳಿಯುತ್ತಿತ್ತು.

ಡಾಕ್ಟರ್‌ಬಾಯಿ ಒಂದು ಮಧ್ಯಾಹ್ನ ಬಂದರು. ತೊಟ್ಟಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನನ್ನೇ ನೋಡುತ್ತ ನಿಂತರು. "ಅಮ್ಮ, ಕೂಸನ್ನು ಸ್ವಲ್ಪ ಒಳಗೆ ಕರೆದುಕೊಂಡು ಹೋಗುತ್ತೀರಾ?" ಎಂದು ಅತ್ತೆಗೆ ಹೇಳಿ, ನನ್ನ ಮಂಚದ ತುದಿಯಲ್ಲಿ ಕೂತು ಎಡಗಿವಿ ತಿರುಗಿಸಿದರು.

"ಕೂಸು ಅತ್ತಾಗ ನಿನಗೆ ಎಂತ ಅನ್ನಿಸುತ್ತದೆ?"

ನಾನು ಗೋಡೆ ನೋಡಿದೆ.

"ಎದ್ದು ಎಲ್ಲೆರ ಹೋಗಿಬಿಡಬೇಕು ಅನ್ನಸ್ತೈತ್ರಿ. ವಾಪಸ್ ಬರದಂಗ."

"ಸಾಯಬೇಕು ಅಂತಲೂ?"

ಇಂಥ ಪ್ರಶ್ನೆಯನ್ನು ಯಾರಾದರೂ ಇಷ್ಟು ಸರಳವಾಗಿ ಕೇಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅವರಿಗೆ ಅದು ಕಾಣಲಿಲ್ಲ, ಮುಖ ಆ ಕಡೆ ಇತ್ತಲ್ಲ. "ಹೂಂ" ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಹೇಳಿದ್ದೇ ತಡ, ಅಳು ಒತ್ತರಿಸಿ ಬಂತು.

ನನ್ನ ಅಳು ನಿಲ್ಲುವವರೆಗೆ ಅವರು ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. "ನನಗೂ ಹೀಗೇ ಆಗಿತ್ತು" ಎಂದರು. "ಆಗ ನಾನು ಡಾಕ್ಟರಾಗಿ ಎಷ್ಟೋ ವರ್ಷ ಆಗಿತ್ತು. ನನ್ನ ಮಗನನ್ನು ಬೇರೆಯವರು ಕೈಗೆ ಕೊಟ್ಟರೆ ಮಾತ್ರ ಎತ್ತಿಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ನನಗೆ ನಾನೇ ಗುಳಿಗೆ ಕೊಟ್ಟುಕೊಂಡೆ, ಬದಲಿಸಿದೆ, ಮತ್ತೆ ಕೊಟ್ಟುಕೊಂಡೆ. ಒಂದು ವರ್ಷ ಹಾಳಾಯಿತು. ನಿನ್ನ ವರ್ಷ ಹಾಳಾಗುವುದು ಬೇಡ. ಠಾಣೆಯಲ್ಲಿ ಒಬ್ಬರು ಮನಸ್ಸಿನ ಡಾಕ್ಟರು ಇದ್ದಾರೆ. ಇವತ್ತೇ ಹೋಗುವ."

ಬಾಗಿಲಲ್ಲಿ ಅತ್ತೆ ನಿಂತಿದ್ದರು, ತೋಳಿನಲ್ಲಿ ಕೂಸು. ಕೊನೆಯ ಮಾತು ಅವರ ಕಿವಿಗೆ ಬಿದ್ದಿತ್ತು. "ಹುಚ್ಚರ ಡಾಕ್ಟರ್ ಕಡೆ? ಬಾಣಂತಿನ್ನ? ಮಂದಿ ಏನಂದಾರು?"

ಡಾಕ್ಟರ್‌ಬಾಯಿ ವಾದ ಮಾಡಲಿಲ್ಲ. "ಅಮ್ಮ, ನಿಮಗೆ ಇವಳ ಗಂಡ ಹುಟ್ಟಿದಾಗ ಹೇಗಿತ್ತು?" ಎಂದು ಕೇಳಿದರು.

"ಹೆಂಗಿರ್ತೈತಿ? ಚಲೋನ ಇತ್ತು."

"ಚಲೋನೇ ಇತ್ತಾ?"

ಅತ್ತೆ ಕೂಸನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿಕೊಂಡರು. "ಮೊದಲನೇದು ಗಂಡಾತು ಅಂತ ಮನಿ ಮಂದೆಲ್ಲಾ ಸಕ್ರಿ ಹಂಚಾಕ ಹತ್ತಿದ್ರು. ನಾ ದನದ ಹೊಟ್ಟಿನ ಕೋಣ್ಯಾಗ ಕುಂತು ಅಳತಿದ್ದೆ. ಯಾಕಂತ ನನಗ ಗೊತ್ತಿಲ್ಲ. ನಮ್ಮವ್ವ ಬಂದು ದೆವ್ವ ಬಡದೈತಿ ಅಂತ ತಾಯತ ಕಟ್ಟಿಸಿದ್ಲು." ಅಷ್ಟು ಹೇಳಿ ನನ್ನ ಕಡೆ ನೋಡಿದರು. ಮದುವೆಯಾಗಿ ಬಂದ ದಿನದಿಂದ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಆಮೇಲೆ ಒಳಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ನನ್ನ ಶಾಲು, ಕಿವಿಗೆ ಕಟ್ಟಿಕೊಳ್ಳುವ ಸ್ಕಾರ್ಫು ಇದ್ದವು. "ಗಾಳಿ ಬಡೀಬಾರದು. ಕಟಗೋ. ನಾನೂ ಬರ್ತೀನಿ, ಕೂಸು ನನ್ನ ಕಡೆ ಇರಲಿ."

ಮೂವರು ಹೆಂಗಸರು, ಒಂದು ಕೂಸು, ಆ ಸಂಜೆ ಠಾಣೆಗೆ ಹೋದೆವು. ಆ ಡಾಕ್ಟರು ಇದಕ್ಕೆ ಹೆರಿಗೆಯ ನಂತರದ ಖಿನ್ನತೆ ಎಂದು ಹೆಸರಿದೆ, ಗುಣವಾಗುತ್ತದೆ, ಹಾಲೂಡಿಸುವವರಿಗೂ ನಡೆಯುವ ಔಷಧಿ ಇದೆ ಎಂದರು. ಗುಣವಾಗಲು ತಿಂಗಳುಗಳೇ ಬೇಕಾದವು. ಒಂದು ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಅದು ಕಾಲು ಝಾಡಿಸಿ ಎಣ್ಣೆಯ ಬಟ್ಟಲನ್ನು ಉರುಳಿಸಿತು. ನನಗೆ ನಗು ಬಂತು. ಎಣ್ಣೆಯ ಕೈಯಲ್ಲೇ ಅದನ್ನು ಎತ್ತಿ ಎದೆಗೆ ಒತ್ತಿಕೊಂಡೆ. ಇದು ನನ್ನ ಮಗಳು ಎನ್ನುವುದು ಆಗ ಮೊದಲ ಬಾರಿ ಮೈಗೆ ತಿಳಿಯಿತು. ಫೋನ್ ಮಾಡಿ ಹೇಳಿದಾಗ ಡಾಕ್ಟರ್‌ಬಾಯಿ, "ಯಾವ ಎಣ್ಣೆ? ಕೊಬ್ಬರಿಯದ್ದಾ?" ಎಂದು ಕೇಳಿದರು. ಆಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಮಗಳು ಬಾಲವಾಡಿಗೆ ಹೋಗುವ ಹೊತ್ತಿಗೆ ಡಾಕ್ಟರ್‌ಬಾಯಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಅವರು ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ಕಿಮೋ ತೆಗೆದುಕೊಂಡರು. ನಾನು ನೋಡಲು ಹೋದಾಗ ಮನೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. "ಬಾ ಬಾ. ಒಂದು ವಿಷಯ ಗೊತ್ತುಂಟಾ? ಎಲ್ಲದಕ್ಕೂ ತುಕ್ಕಿನ ರುಚಿ ಬರುತ್ತದೆ, ನೀರಿಗೂ! ಇಷ್ಟು ವರ್ಷ ಎಲ್ಲರ ಹತ್ತಿರ ಬಾಯಿರುಚಿ ಹೇಗುಂಟು ಅಂತ ಕೇಳಿದೆ. ಉತ್ತರ ಹೇಳುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ" ಎಂದರು. ಕಣ್ಣುಗಳು ಮೊದಲಿನ ಹಾಗೇ ಚುರುಕಾಗಿದ್ದವು.

ನನ್ನ ಮಗಳು ಇಲ್ಲಿಯ ಮಕ್ಕಳ ಹಾಗೆ; ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಮಂಚದ ಹತ್ತಿರ ಹೋಗಿ ನಿಂತು, "ತುಮ್ಹಾಲಾ ಭೀತೀ ವಾಟತೇ ಕಾ?" ಎಂದಳು. ನಿಮಗೆ ಹೆದರಿಕೆ ಆಗುತ್ತದಾ ಎಂದು. ನಾನು ಗಾಬರಿಯಾಗಿ ಅವಳ ಕೈ ಎಳೆದೆ. ಡಾಕ್ಟರ್‌ಬಾಯಿ ನನ್ನನ್ನು ತಡೆದರು. "ಬಿಡು, ಕೇಳಲಿ" ಎಂದು, ಮಗಳಿಗೆ ಮರಾಠಿಯಲ್ಲೇ ಹೇಳಿದರು: "ಹೂಂ, ಸ್ವಲ್ಪ ಆಗುತ್ತದೆ. ಸಂಜೆ ಹೊತ್ತು ಜಾಸ್ತಿ. ನಿನಗೆ ಯಾವುದಕ್ಕೆ ಹೆದರಿಕೆ?" ಮಗಳು ಹಲ್ಲಿ ಎಂದಳು. ಇಬ್ಬರೂ ಹಲ್ಲಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅದರ ಬಾಲ ಮತ್ತೆ ಹೇಗೆ ಬೆಳೆಯುತ್ತದೆ, ನೋವಾಗುತ್ತದೋ ಇಲ್ಲವೋ ಎಂದು.

ಮಳೆಗಾಲ ಹಿಡಿಯುವ ಮೊದಲೇ ಅವರು ಹೋದರು. ಸುದ್ದಿ ಬಂದಾಗ ನಾನು ಲೋಕಲ್‌ನಲ್ಲಿ ನಿಂತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಅಳುವುದಕ್ಕೂ ಜಾಗ ಇರುವುದಿಲ್ಲ. ಪಕ್ಕದವಳ ಹೆಗಲಿಗೇ ತಲೆ ಕೊಟ್ಟು ಅತ್ತುಬಿಟ್ಟೆ. ಅವಳು ಯಾರೋ, ಏನೂ ಕೇಳದೆ ಹಾಗೇ ನಿಂತಳು. ಮನೆಗೆ ಬಂದು ಹೇಳಿದಾಗ ನಮ್ಮ ಅತ್ತೆ ಒಲೆ ಆರಿಸಿ ಕೂತುಬಿಟ್ಟರು.

ಆ ಬಿಳಿ ಗುಳಿಗೆಗಳಿಂದ ಏನಾಯಿತು, ಏನಾಗಲಿಲ್ಲ ಎಂದು ನಾನು ಈಗಲೂ ಹೇಳಲಾರೆ. ಕೇಳಿದವರಿಗೆ ಗೊತ್ತಿಲ್ಲ ಎಂದೇ ಹೇಳುತ್ತೇನೆ. ನನಗೆ ಗೊತ್ತಿರುವುದು ಇಷ್ಟೇ: ಈಗ ಶಾಲೆ ಬಿಟ್ಟು ಬಂದ ಮಗಳು ಬಾಗಿಲಲ್ಲೇ ಚಪ್ಪಲಿ ಎಸೆದು "ಅಮ್ಮಾ" ಎಂದು ಕೂಗುತ್ತಾಳೆ. ಓ ಎನ್ನಲು ನಾನು ಇದ್ದೇನೆ.